ಕಾಜಾ ಮೆಷಿನ್ನಿನ ಬಾಡಿಗೆ

ಮಾರ್ಚ್ 3

ಪುಟ್ಟನಿಗೆ ಅಕ್ಕನ ಆಶೀರ್ವಾದ.

ಗಾರ್ಮೆಂಟ್ಸ್ ಬಾಗಿಲು ಹಾಕಿತು. ಪೇಪರಿನಲ್ಲಿ ಬಂದಿರಲ್ಲ, ಇಷ್ಟು ಸಣ್ಣ ಸುದ್ದಿ ಅವರು ಹಾಕಲ್ಲ. ಹೋದ ಸೋಮವಾರ ನಾವು ಹೋದಾಗ ಗೇಟಿಗೆ ಬೀಗ. ಸಾಹುಕಾರ ಒಂದು ಸ್ಟೂಲಿನ ಮೇಲೆ ನಿಂತು, ಬಾಕಿ ಸಂಬಳ ಕೊಡೋಕೆ ನನ್ನ ಹತ್ತಿರ ಏನೂ ಉಳಿದಿಲ್ಲ, ಯಾರು ಯಾವ ಮೆಷಿನ್ ಮೇಲೆ ಕೂರ್ತಿದ್ದರೋ ಅದನ್ನೇ ಮನೆಗೆ ತೊಗೊಂಡು ಹೋಗಿ ಅಂದ. ದಾನ ಮಾಡೋನ ಹಾಗೆ ಕೈ ಮುಗಿದ ಬೇರೆ. ಹೆಂಗಸರೆಲ್ಲ ಕೈಗಾಡಿ ತಂದು ಮೆಷಿನ್ ಹೇರಿಕೊಂಡು ಹೋದರು. ಹೆಣ ಹೊತ್ತ ಹಾಗೆ ಇತ್ತು ನೋಡೋಕೆ.

ನಾನು ಮೆಷಿನ್ ಮೇಲೆ ಕೂತವಳಲ್ಲವಲ್ಲ. ಹೊಲಿಯೋರು ಎಳೆಮಕ್ಕಳನ್ನು ಬಿಟ್ಟು ಹೋಗೋ ಮಕ್ಕಳ ಕೋಣೆ ನೋಡಿಕೊಂಡವಳು. ಹಾಗಾಗಿ ನನ್ನ ಪಾಲಿಗೆ ಬಂದಿದ್ದು ತೊಟ್ಟಿಲು. ಕಬ್ಬಿಣದ ತೊಟ್ಟಿಲುಗಳು, ಇದ್ದಷ್ಟೂ. ಈ ವಯಸ್ಸಿನ ವಿಧವೆಯ ಮನೆ ತುಂಬ ತೊಟ್ಟಿಲು ನೋಡಿ ಪಕ್ಕದ ಮನೆಯವರು ಏನಂದುಕೊಂಡರೋ. ನಾನಂತೂ ಒಂದರಲ್ಲಿ ಈರುಳ್ಳಿ ಹಾಕಿಟ್ಟಿದ್ದೀನಿ.

ತಮಾಷೆ ಸಾಕು. ನಮ್ಮ ಸಾಲುಮನೆಗಳು ನಿನಗೆ ಗೊತ್ತಲ್ಲ, ಮುಂದಿನ ಕೋಣೆಯಲ್ಲಿ ಒಂದು ಮಂಚ ಹಿಡಿಸಿದರೆ ಹೆಚ್ಚು. ಮೆಷಿನ್ ಒಳಗೆ ಬಂದ ಮೇಲೆ ಮಂಚ ಹೊರಗೆ ಹೋಗಿದೆ. ಇವು ಮನೆಯಲ್ಲಿ ತುಳಿಯೋ ಮೆಷಿನ್ ಅಲ್ಲ, ಕರೆಂಟಿನವು. ಒಬ್ಬಳು ಸ್ವಿಚ್ ಹಾಕಿದರೆ ಇಡೀ ಸಾಲಿನ ಲೈಟು ಕಣ್ಣು ಮಿಟುಕಿಸತ್ತೆ. ಹಾಕಿ ಹೊಲಿಯೋದಾದರೂ ಏನು, ಕೊಡೋರು ಯಾರು? ಗುಜರಿಯವನು ತಕ್ಕಡಿ ಹಿಡಕೊಂಡು ದಿನಾ ಓಡಾಡ್ತಾನೆ. ಮೆಷಿನ್ನನ್ನು ತೂಕಕ್ಕೆ ಕೇಳ್ತಾನೆ ಕಣೋ, ತೂಕಕ್ಕೆ.

ನಿನ್ನೆ ಕಾಜಾ ಬಂದಿದ್ದಳು. ನಿನಗೆ ನೆನಪಿರಬೇಕು, ನಮ್ಮ ಗೋಡೆಗೆ ಗೋಡೆ ಅಂಟಿಕೊಂಡ ಮನೆ. ಅಂಗಿಗೆ ಗುಂಡಿ ಕೂರೋ ತೂತು ಹೊಲಿಯೋದೇ ಅವಳ ಕೆಲಸವಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಕಾಜಾನೇ, ಗಂಡನ ಬಾಯಲ್ಲೂ. ಆ ಗಂಡ ಈಗ ಒಂದು ಕಡೆ ಕೈಕಾಲು ಬಿದ್ದು ಮಲಗಿದ್ದಾನೆ. "ತೊಟ್ಟಿಲಮ್ಮ, ನಿಮ್ಮ ತಮ್ಮ ಮುಚ್ಚಿಹೋದ ಅಂಗಡಿಗಳ ಮಾಲು ಕೊಳ್ತಾರಂತಲ್ಲ, ಅವರಿಗೆ ಒಂದು ಮಾತು ಬರೀರಿ" ಅಂದಳು. ಹಿಂದೆಯೇ ಇನ್ನೂ ನಾಲ್ಕು ಜನ ಬಾಗಿಲಲ್ಲಿ ನಿಂತಿದ್ದರು.

ಬಾ. ಗುಜರಿಯವನಿಗಿಂತ ನೀನು ಒಳ್ಳೆ ಬೆಲೆ ಕೊಡ್ತೀಯ ಅಂತ ನಾನು ಹೇಳಿಬಿಟ್ಟಿದ್ದೀನಿ.

ನಿನ್ನ ಅಕ್ಕ


ಮಾರ್ಚ್ 16

ಅಕ್ಕ,

ಕಾಗದ ಸೇರಿತು. ಬರ್ತೀನಿ. ಸ್ನೇಹಿತನ ಲಾರಿ ಈ ತಿಂಗಳ ಕೊನೆಗೆ ಖಾಲಿ ಇರತ್ತಂತೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಬೆಲೆ ಮಾತಾಡುವಾಗ ನೀನು ನಡುವೆ ಬಾಯಿ ಹಾಕಬಾರದು. ಅವರ ಪರವಾಗಿಯೂ ಬೇಡ, ನನ್ನ ಪರವಾಗಿಯೂ ಬೇಡ. ಒಳಗೆ ಹೋಗಿ ಟೀ ಮಾಡ್ತಾ ಇರು. ಕಣ್ಣೀರು ನೋಡಿ ಬೆಲೆ ಏರಿಸಿದರೆ ಮರುದಿನ ನಗುನಗುತ್ತಾ ಇರೋರಿಗೆ ಇಳಿಸಬೇಕಾಗತ್ತೆ. ನಾನು ಒಂದು ಬೆಲೆ ಹೇಳ್ತೀನಿ, ಎಲ್ಲರಿಗೂ ಅದೇ. ಬೇಕಾದವರು ಕೊಡಲಿ.

ಮುಳುಗಿದ ಅಂಗಡಿ ಮುಂದೆ ರಣಹದ್ದಿನ ಹಾಗೆ ಕೂರ್ತಾನೆ ಅಂತ ಜನ ನನ್ನ ಬೆನ್ನ ಹಿಂದೆ ಮಾತಾಡ್ತಾರೆ. ಗೊತ್ತು. ಆದರೆ ಅಕ್ಕ, ಬಿದ್ದವನ ಮನೆ ಕಡೆ ನೆಂಟರೂ ತಲೆ ಹಾಕಲ್ಲ. ಕೈಯಲ್ಲಿ ರೊಕ್ಕ ಹಿಡಕೊಂಡು ಬಾಗಿಲು ತಟ್ಟೋನು ನಾನೊಬ್ಬನೇ. ಲಾಭ ಬಂದರೆ ನನ್ನದು ನಿಜ, ನಷ್ಟಕ್ಕೂ ಪಾಲುದಾರರಿಲ್ಲ. ಈಗ ಗೋಡೌನಿನಲ್ಲಿ ಬಣ್ಣ ತಪ್ಪಿದ ಪರದೆ ಬಟ್ಟೆ ಇದೆ, ಸ್ಕೂಲು ಶೂ ಇದೆ. ಶೂ ಎಲ್ಲ ಒಂದೇ ಅಳತೆ. ಊರಿನ ಮಕ್ಕಳೆಲ್ಲ ಆ ಅಳತೆಗೆ ಬೆಳೆಯೋ ತನಕ ನಾನು ಬಾಡಿಗೆ ಕಟ್ಟಿಕೊಂಡು ಕಾಯಬೇಕು. ನಮ್ಮ ಮನೆಯಲ್ಲಿ ಬೇರೆಯವರ ಅಂಗಡಿಯ ವಾಸನೆ ಬರತ್ತೆ ಅಂತಾಳೆ ಇವಳು.

ನಿನ್ನ ತೊಟ್ಟಿಲೂ ತೊಗೊಳ್ತೀನಿ. ಈರುಳ್ಳಿ ತೆಗೆದಿಡು.

ಪುಟ್ಟ


ಏಪ್ರಿಲ್ 9

ಪುಟ್ಟನಿಗೆ,

ನೀನು ಹೋದ ಮೇಲೆ ಸಾಲುಮನೆಗಳಲ್ಲಿ ಮಂಚಗಳು ಒಳಗೆ ಬಂದಿವೆ. ಎಷ್ಟೋ ದಿನಗಳ ಮೇಲೆ ಒಲೆಗಳ ಸದ್ದು ಸರಿಯಾಗಿ ಕೇಳಿಸ್ತಿದೆ. ಎದುರು ಮನೆಯವಳು ಮಗನ ಕನ್ನಡಕ ಮಾಡಿಸಿದಳು. ಕಾಲರ್ ಹೊಲಿಯೋ ಅಕ್ಕತಂಗಿಯರು ಅಂಗಡಿ ಬಾಕಿ ತೀರಿಸಿ ಬಂದು, ನಿಮ್ಮ ತಮ್ಮನ ಹೊಟ್ಟೆ ತಣ್ಣಗಿರಲಿ ಅಂತ ನನಗೆ ಹೇಳಿ ಹೋದರು. ನಾನೇನು ಮಾಡಿದೆ, ಟೀ ಮಾಡಿದೆ ಅಷ್ಟೆ. ಆದರೂ ಹೇಳಿಸಿಕೊಳ್ಳುವಾಗ ಹಿತವಾಯಿತು, ಸುಳ್ಳು ಹೇಳಲ್ಲ.

ನೀನು ಕೊಟ್ಟ ಬೆಲೆ ಹೆಚ್ಚೇನಲ್ಲ ಅಂತ ಅವರಿಗೂ ಗೊತ್ತು. ಗುಜರಿಯವನಿಗಿಂತ ಮೇಲು, ಅಷ್ಟು ಸಾಕು ಅಂದುಕೊಂಡರು. ಲಾರಿಗೆ ಹೇರುವಾಗ ಒಬ್ಬಳು ತನ್ನ ಮೆಷಿನ್ನಿನ ಕೆಳಗೆ ಕೈ ಹಾಕಿ ಏನೋ ಹುಡುಕ್ತಿದ್ದಳಲ್ಲ, ನೋಡಿದೆಯಾ? ದಾರ ಕತ್ತರಿಸೋ ಬ್ಲೇಡು ಅಲ್ಲಿ ಸಿಕ್ಕಿಸಿಟ್ಟಿದ್ದಳಂತೆ. ಇನ್ನೊಬ್ಬಳು ಮೋಟಾರಿನ ಮೇಲೆ ಉಗುರು ಬಣ್ಣದಲ್ಲಿ ಚುಕ್ಕಿ ಇಟ್ಟಿದ್ದಳು, ಅದನ್ನು ಕೆರೆದು ತೆಗೀಲಾ ಅಂತ ನಿನ್ನನ್ನು ಕೇಳಿದಳು. ನೀನು ಇರಲಿ ಬಿಡಮ್ಮ ಅಂದೆ. ಆಗ ನನಗೆ ನಿನ್ನ ಮೇಲೆ ಅಕ್ಕರೆ ಉಕ್ಕಿ ಬಂತು.

ತೊಟ್ಟಿಲಿಗೆ ನೀನು ಇಷ್ಟು ಕೊಡ್ತೀಯ ಅಂತ ನಾನು ಅಂದುಕೊಂಡಿರಲಿಲ್ಲ. ಯಾರಿಗೆ ಬೇಕೋ ಆ ತೊಟ್ಟಿಲು? ನೀನು ಲವಲವಿಕೆಯಿಂದ ಹೇಳಿದೆ, ಗಿರಾಕಿ ಇದ್ದಾರೆ ಅಂತ. ನಂಬಿದೆ. ಮಗಳ ನರ್ಸಿಂಗ್ ಕಾಲೇಜಿನ ಫೀಸು ಅದರಲ್ಲೇ ಕಟ್ಟಿದೆ.

ಕೊಡದೆ ಉಳಿದವರು ಕೆಲವರಿದ್ದಾರೆ. ಕಾಜಾ ಒಬ್ಬಳು. ಮತ್ತೆ ಕೆಲಸ ಬಂದರೂ ಬರಬಹುದು ಅಂತ ಅವಳಿಗೆ ಆಸೆ. ಸಂಜೆ ಹೊತ್ತು ಬಟ್ಟೆ ಹಾಕದೆ ಸುಮ್ಮನೆ ಮೆಷಿನ್ ಓಡಿಸ್ತಾಳೆ. ಎಣ್ಣೆ ಒಣಗಬಾರದಂತೆ. ಗೋಡೆಯ ಈ ಕಡೆ ನಾನು ಕೇಳ್ತಾ ಕೂರ್ತೀನಿ.

ನಿನ್ನ ಅಕ್ಕ


ಮೇ 21

ಅಕ್ಕ,

ಅವಸರದಲ್ಲಿ ಬರೀತಿದ್ದೀನಿ. ಬರೋ ವಾರ ಇನ್ನೊಂದು ಸಲ ಲಾರಿ ತರ್ತೀನಿ. ಉಳಿದಿರೋ ಮೆಷಿನ್‌ಗಳು ಯಾರ ಹತ್ತಿರ ಏನೇನಿವೆ ಕೇಳಿಡು. ಆ ಕಾಜಾ ಮೆಷಿನ್ ಇನ್ನೂ ಇದೆ ತಾನೆ? ಗುಜರಿಯವನಿಗೆ ಹೋಗದ ಹಾಗೆ ನೋಡಿಕೋ. ಕಾಯ್ತಾ ಕೂತರೆ ತುಕ್ಕು ಹಿಡಿಯತ್ತೆ, ಬೆಲೆ ಇನ್ನೂ ಇಳಿಯತ್ತೆ ಅಂತ ಅವರಿಗೆ ಹೇಳು. ನೀನು ಹೇಳಿದರೆ ಕೇಳ್ತಾರೆ.

ತೊಟ್ಟಿಲುಗಳನ್ನು ಒಂದು ನರ್ಸಿಂಗ್ ಹೋಮಿನವರು ತೊಗೊಂಡರು. ನಿನಗೆ ಸಮಾಧಾನವಾಗಲಿ ಅಂತ ಬರೆದೆ.

ಪುಟ್ಟ


ಆಗಸ್ಟ್ 2

ಪುಟ್ಟ,

ನಿನಗೆ ಬರೀಬೇಕು ಅಂತ ಕೂತು ಎದ್ದು ಕೂತು ಎದ್ದು ಇವತ್ತು ಬರೀತಿದ್ದೀನಿ.

ಮುಚ್ಚಿದ ಗಾರ್ಮೆಂಟ್ಸಿನ ಕಟ್ಟಡವನ್ನು ಯಾರೋ ಒಬ್ಬ ಕಂಟ್ರಾಕ್ಟರ್ ಬಾಡಿಗೆಗೆ ಹಿಡಿದಿದ್ದಾನೆ. ಹೋದ ತಿಂಗಳು ಸುಣ್ಣ ಹೊಡೆಸಿ ಕೆಲಸಕ್ಕೆ ಹೆಂಗಸರು ಬೇಕು ಅಂತ ಬೋರ್ಡು ಹಾಕಿದ. ಸಾಲುಮನೆಯವರೆಲ್ಲ ಓಡಿದರು, ಓಡದೆ ಇರ್ತಾರಾ. ಒಳಗೆ ಹೋಗಿ ನೋಡಿದರೆ ಅವರವರ ಮೆಷಿನ್ ಅವರವರನ್ನೇ ಕಾಯ್ತಾ ನಿಂತಿವೆ. ಉಗುರು ಬಣ್ಣದ ಚುಕ್ಕಿ ಹಾಗೇ ಇತ್ತಂತೆ. ಎದುರು ಮನೆಯವಳು ಮೊದಲು ನಕ್ಕುಬಿಟ್ಟಳಂತೆ, ಕಳೆದುಹೋದ ಹಸು ಮನೆಗೆ ಬಂದ ಹಾಗೆ. ಆಮೇಲೆ ಮೇಸ್ತ್ರಿ ನಿಯಮ ಹೇಳಿದ. ಸ್ವಂತ ಮೆಷಿನ್ ತಂದವರಿಗೆ ಪೂರ್ತಿ ಕೂಲಿ. ಇಲ್ಲಿಯ ಮೆಷಿನ್ ಮೇಲೆ ಕೂರೋರಿಗೆ ವಾರವಾರ ಬಾಡಿಗೆ ಕತ್ತರಿಸಿ ಉಳಿದದ್ದು.

ಸ್ವಂತ ಮೆಷಿನ್ ಯಾರ ಹತ್ತಿರ ಉಳಿದಿದೆ, ಹೇಳು.

ವಾಪಸ್ ಕೊಳ್ತೀವಿ ಅಂತ ಕೇಳಿದವರಿಗೆ ಕಂಟ್ರಾಕ್ಟರ್ ಹೇಳಿದ ಬೆಲೆ ನೀನು ಕೊಟ್ಟದ್ದರ ಮೂರು ಪಟ್ಟಿಗಿಂತ ಮೇಲೆ. ನಾನು ಕೊಂಡಿದ್ದೇ ಹೆಚ್ಚು ಕಡಿಮೆ ಅಷ್ಟಕ್ಕೆ, ಬೇಕಾದರೆ ನಿಮ್ಮ ತೊಟ್ಟಿಲಮ್ಮನ ತಮ್ಮನನ್ನೇ ಕೇಳಿ ಅಂದನಂತೆ. ನಿನ್ನ ಹೆಸರು ಅಲ್ಲಿ ಹಾಗೆ ಬಂತು. ನನ್ನದೂ.

ಕಾಜಾಳ ವಿಷಯ ಬರೆಯೋಕೆ ಕೈ ಬರಲ್ಲ. ನೀನು ಎರಡನೇ ಸಲ ಬಂದಾಗ ಅವಳು ನಮ್ಮ ಮುಂದಿನ ಕೋಣೆಯಲ್ಲೇ ಕೂತಿದ್ದಳು. "ಇದು ಬೇರೆ ಮೆಷಿನ್‌ಗಳ ಹಾಗಲ್ಲ ಅಣ್ಣ, ಸಾಹುಕಾರರು ಹೊರದೇಶದಿಂದ ತರಿಸಿದ್ದು" ಅಂದಳು. ನೀನು ಬಗ್ಗಿ ಮೆಷಿನ್ನಿನ ಪಕ್ಕ ಮುಟ್ಟಿ ನೋಡಿ, ಹಳೇ ಕಾಲದ್ದಮ್ಮ, ಇದರ ಪಾರ್ಟು ಈಗ ಸಿಗಲ್ಲ, ಒಂದು ಸ್ಕ್ರೂ ಹೋದರೆ ಗುಜರಿಯೇ ಗತಿ ಅಂದೆ. ಅವಳು ನನ್ನ ಮುಖ ನೋಡಿದಳು. ನೀನು ನಡುವೆ ಬರಬೇಡ ಅಂದಿದ್ದೆಯಲ್ಲ, ನಾನು ಟೀ ಲೋಟ ಹಿಡಕೊಂಡು ನಿಂತೆ, ಅವನಿಗೆ ಗೊತ್ತಿರತ್ತೆ ಬಿಡು ಅನ್ನೋ ಹಾಗೆ ತಲೆ ಆಡಿಸಿದೆ. ಎಲ್ಲರಿಗೂ ಕೊಟ್ಟ ಬೆಲೆಯನ್ನೇ ಕೊಟ್ಟೆ ನೀನು. ಎಲ್ಲರಿಗೂ ಒಂದೇ ಬೆಲೆ ಅನ್ನೋದು ನ್ಯಾಯ ಅಂತ ನಾನೂ ಅಂದುಕೊಂಡೆ.

ಮೊನ್ನೆ ಅದು ಕೆಟ್ಟಿತಂತೆ. ಮೆಕ್ಯಾನಿಕ್ ಬಂದು ಚೀಲದಿಂದ ಪಾರ್ಟು ತೆಗೆದು ಹಾಕಿ, ಒಂದು ಬೀಡಿ ಸೇದೋಷ್ಟರಲ್ಲಿ ಎದ್ದು ಹೋದನಂತೆ. ಅವಳು ಸಂಜೆ ಗೋಡೆಯ ಆ ಕಡೆಯಿಂದ ಗಂಡನಿಗೆ ಹೇಳ್ತಿದ್ದಳು. ನನಗೆ ಕೇಳಲಿ ಅಂತ ಹೇಳಿದ್ದಲ್ಲ. ಗೋಡೆ ತೆಳುವು, ಅಷ್ಟೆ.

ಈಗ ಅವಳು ದಿನಾ ಅದೇ ಮೆಷಿನ್ನಿನ ಮೇಲೆ ಕೂತು, ಅದಕ್ಕೆ ಬಾಡಿಗೆ ಕಟ್ಟಿ, ಅದರಲ್ಲೇ ಹೊಲೀತಾಳೆ. ಕಾಜಾ ಮೆಷಿನ್ನಿಗೆ ಬಾಡಿಗೆ ಬೇರೆಯವಕ್ಕಿಂತ ಜಾಸ್ತಿ, ಯಾಕೆಂದರೆ ಅದು ಬೆಲೆ ಬಾಳೋದು.

ನನಗೆ ಕಮಿಷನ್ ಬಂದಿದೆ ಅಂತ ಮಾತಾಡ್ತಿದ್ದಾರೆ. ತೊಟ್ಟಿಲಿಗೆ ಅಷ್ಟು ದುಡ್ಡು ಯಾರು ಕೊಡ್ತಾರೆ, ಅದು ದಲ್ಲಾಳಿ ಪಾಲು ಅಂತ. ಅಲ್ಲ ಅಂತ ಹೇಳೋಕೆ ಬಾಯಿ ತೆಗೆದೆ. ಕಾಲೇಜಿನ ಫೀಸಿನ ರಸೀದಿ ನೆನಪಾಯಿತು.

ಒಂದೇ ಒಂದು ಕೇಳ್ತೀನಿ. ಈ ಶೆಡ್ಡು ಬರತ್ತೆ ಅಂತ ಕೊಳ್ಳೋಕೆ ಬಂದಾಗ ನಿನಗೆ ಗೊತ್ತಿತ್ತಾ?

ಅಕ್ಕ


ಆಗಸ್ಟ್ 19

ಅಕ್ಕ,

ನಿನ್ನ ಕಾಗದ ಓದಿ ಬೇಸರವಾಯಿತು. ಸಿಟ್ಟೂ ಬಂತು. ಎರಡೂ ಇಳಿಯಲಿ ಅಂತ ಕಾದು ಬರೀತಿದ್ದೀನಿ.

ನಾನು ಯಾರ ಕೊರಳ ಮೇಲೂ ಕಾಲಿಟ್ಟು ಕಸಿದುಕೊಂಡಿಲ್ಲ. ನೀನೇ ಕರೆದೆ, ಅವರೇ ಕೊಟ್ಟರು. ತರಕಾರಿ ಮಾರೋಳು ಮುಂಜಾನೆ ಕಡಿಮೆಗೆ ತಂದು ಹತ್ತು ಗಂಟೆಗೆ ಹೆಚ್ಚಿಗೆ ಮಾರಿದರೆ ಅವಳನ್ನು ಯಾರೂ ಕಳ್ಳಿ ಅನ್ನಲ್ಲ. ಕಡಿಮೆಗೆ ಕೊಂಡು ಹೆಚ್ಚಿಗೆ ಮಾರೋದಕ್ಕೆ ವ್ಯಾಪಾರ ಅಂತಲೇ ಹೆಸರು, ಬೇರೆ ಹೆಸರಿಲ್ಲ. ಲಾರಿ ಖರ್ಚು ನನ್ನದು, ಗೋಡೌನ್ ಬಾಡಿಗೆ ನನ್ನದು, ಆ ಮೆಷಿನ್‌ಗಳು ಹೋಗದೆ ಕೂತಿದ್ದರೆ ತುಕ್ಕೂ ನನ್ನದೇ ಆಗ್ತಿತ್ತು. ಆಗ ನಿಮ್ಮ ಸಾಲಿನಿಂದ ಯಾರಾದರೂ ಬಂದು ಅರ್ಧ ನಷ್ಟ ನಾವು ಹೊರ್ತೀವಿ ಅಂತಿದ್ದರಾ?

ಇನ್ನೊಂದು ವಿಷಯ ಯೋಚಿಸು. ಕಂಟ್ರಾಕ್ಟರ್ ನಿಮ್ಮ ಊರಿಗೆ ಯಾಕೆ ಬಂದ? ಒಂದೇ ಕಡೆ ಅಷ್ಟು ಮೆಷಿನ್ ರೆಡಿ ಸಿಕ್ಕವು ಅಂತ ಬಂದ. ಮನೆಮನೆಗೆ ಹೋಗಿ ಒಂದೊಂದೇ ಕೊಳ್ಳೋ ತಾಳ್ಮೆ ಅವನಿಗಿಲ್ಲ. ನಾನು ಕೂಡಿಹಾಕದೆ ಇದ್ದಿದ್ದರೆ ಅವು ಗುಜರಿಯವನ ಕುಲುಮೆಯಲ್ಲಿ ಕರಗಿ ಹೋಗಿರ್ತಿದ್ದವು, ಶೆಡ್ಡೂ ಇರ್ತಿರಲಿಲ್ಲ, ಕೂಲಿಯೂ ಇರ್ತಿರಲಿಲ್ಲ. ಬಾಡಿಗೆ ಕತ್ತರಿಸಿದರೂ ಅವರ ಮನೆಯಲ್ಲಿ ಈಗ ಒಲೆ ಉರೀತಿದೆ. ಅದಕ್ಕೆ ಯಾರೂ ನನ್ನನ್ನು ನೆನೆಯಲ್ಲ.

ಗಾಳಿ ಬಂದಾಗ ತೂರಿಕೊಳ್ಳಬೇಕು ಅಂತ ಅಪ್ಪನೇ ಹೇಳ್ತಿದ್ದರು. ಅಪ್ಪನಿಗೆ ಗಾಳಿ ಬರಲಿಲ್ಲ, ನನಗೆ ಬಂತು.

ಕಮಿಷನ್ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ. ಜನ ನಾಲ್ಕು ದಿನ ಆಡ್ತಾರೆ. ಮಗಳ ಓದು ಹೇಗೆ ನಡೀತಿದೆ ಬರಿ.

ಪುಟ್ಟ


ಸೆಪ್ಟೆಂಬರ್ 24

ಪುಟ್ಟ,

ನೀನು ಎರಡು ಪುಟ ಬರೆದೆ. ನಾನು ಕೇಳಿದ ಒಂದು ಮಾತಿಗೆ ಉತ್ತರ ಅದರಲ್ಲಿ ಇರಲಿಲ್ಲ. ಈಗ ಉತ್ತರ ಬೇಕಾಗಿಲ್ಲ, ಬೇರೆ ಕಡೆಯಿಂದ ಸಿಕ್ಕಿತು.

ನಾನೂ ಆ ಶೆಡ್ಡಿಗೆ ಸೇರಿದ್ದೀನಿ. ಮಕ್ಕಳ ಕೋಣೆ ಅಲ್ಲಿಲ್ಲ, ಮಕ್ಕಳನ್ನು ತರೋ ಹಾಗೇ ಇಲ್ಲ. ನನಗೆ ಸಿಕ್ಕಿದ್ದು ದಾರ ಕತ್ತರಿಸೋ ಕೆಲಸ. ಹೊಲಿದ ಅಂಗಿಗಳು ರಾಶಿ ಬಂದು ಬೀಳ್ತವೆ, ನೆಲದ ಮೇಲೆ ಕೂತು ತುದಿ ದಾರ ಕತ್ತರಿಸಬೇಕು. ಕಾಜಾ ಮೆಷಿನ್ನಿನ ಪಕ್ಕದಲ್ಲೇ ನನ್ನ ರಾಶಿ. ಅವಳು ಅಂಗಿ ಎಸೆಯುವಾಗ ನನ್ನ ಮೇಲೆ ಬೀಳದ ಹಾಗೆ ಎಸೀತಾಳೆ. ಅಷ್ಟು ಮರ್ಯಾದೆ ಇಟ್ಟಿದ್ದಾಳೆ. ಮಾತಿಲ್ಲ. ಅವಳ ಮಗಳಿಗೆ ಹಾಲು ಬಿಡಿಸಿದ್ದು ನಾನು, ಆ ತೊಟ್ಟಿಲಲ್ಲಿ.

ಹೋದ ವಾರ ಕಂಟ್ರಾಕ್ಟರ್ ಬಂದಿದ್ದ. ಒಳ್ಳೆ ಮಾತಿನ ಮನುಷ್ಯ, ಎಲ್ಲರನ್ನೂ ಅಮ್ಮ ಅಂತಾನೆ. ನನ್ನ ಹತ್ತಿರ ನಿಂತು, "ನೀವು ಅವರ ಅಕ್ಕ ಅಲ್ವಾ? ನಿಮ್ಮ ತಮ್ಮ ಮಾತು ಕೊಟ್ಟರೆ ನಡೆಸೋ ಜನ ಕಣಮ್ಮ. ಮೇ ತಿಂಗಳಲ್ಲಿ ಒಂದೇ ಒಂದು ಸಲ ಕೂತು ಮಾತಾಡಿದ್ದು. ಕಾಜಾ ಮೆಷಿನ್ ಒಂದು ಬೇಕು, ಅದಿಲ್ಲದೆ ಶೆಡ್ಡು ಶುರು ಮಾಡೋಕಾಗಲ್ಲ ಅಂದೆ. ಎಲ್ಲಿದೆ ಅಂತ ನನಗೆ ಗೊತ್ತು, ತಂದುಕೊಡ್ತೀನಿ ಅಂದರು. ತಂದರು ನೋಡಿ" ಅಂದ.

ಜೋರಾಗಿ ಹೇಳಿದ. ಹೊಗಳ್ತಿದ್ದಾನಲ್ಲ, ಮೆಲ್ಲಗೆ ಯಾಕೆ ಹೇಳ್ತಾನೆ.

ಕಾಜಾಳ ಮೆಷಿನ್ ನಿಂತಿತು. ಅವಳು ಕಂಟ್ರಾಕ್ಟರನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಸೂಜಿಗೆ ದಾರ ಹಾಕಿಕೊಂಡಳು. ದಾರ ಅದರಲ್ಲಿ ಮೊದಲೇ ಇತ್ತು.

ಮೇ ತಿಂಗಳಲ್ಲೇ ನೀನು ನನಗೆ ಬರೆದಿದ್ದೆ, ಆ ಕಾಜಾ ಮೆಷಿನ್ ಇನ್ನೂ ಇದೆ ತಾನೆ ಅಂತ. ತುಕ್ಕು ಹಿಡಿಯತ್ತೆ ಅಂತ ಹೇಳು, ನೀನು ಹೇಳಿದರೆ ಕೇಳ್ತಾರೆ ಅಂತ. ಹೇಳಿದೆ. ಕೇಳಿದಳು. ಬರೀ ಒಂದು ತಿಂಗಳು ತಡೆದಿದ್ದರೆ ಅವಳು ಅದನ್ನು ಕೈಗಾಡಿಯಲ್ಲಿ ಹೇರಿಕೊಂಡು ಶೆಡ್ಡಿಗೆ ಹೋಗ್ತಿದ್ದಳು, ಕಂಟ್ರಾಕ್ಟರ್ ಅವಳನ್ನು ಬಾಗಿಲಲ್ಲಿ ನಿಂತು ಬರಮಾಡಿಕೊಳ್ತಿದ್ದ.

ಮೊದಲ ಸಲ ಬಂದಾಗ ನಿನಗೆ ಏನೂ ಗೊತ್ತಿರಲಿಲ್ಲ, ಅದನ್ನು ನಾನು ಒಪ್ತೀನಿ. ಆ ವ್ಯಾಪಾರಕ್ಕೆ ನಿನ್ನ ತರಕಾರಿಯವಳ ಕಥೆ ಸರಿಹೊಂದಬಹುದು. ಎರಡನೇ ಸಲ ಬಂದಾಗ ಬೇರೆ. ತರಕಾರಿಯವಳು ರೈತನಿಗೆ ನಿನ್ನ ಬದನೆಕಾಯಿಯಲ್ಲಿ ಹುಳ ಇದೆ ಅಂತ ಸುಳ್ಳು ಹೇಳಿ ಕೊಂಡಿರಲ್ಲ.

ಅಪ್ಪನ ಮಾತು ಬರೆದಿದ್ದೆ. ಗಾಳಿ ಬಂದಾಗ ತೂರಿದ್ದು ನೀನು, ಹೊಟ್ಟು ಬಿದ್ದಿದ್ದು ನಮ್ಮ ಕಣ್ಣಿಗೆ.

ಇನ್ನು ಸ್ವಲ್ಪ ದಿನ ಬರೀಬೇಡ.

ಅಕ್ಕ


ಅಕ್ಟೋಬರ್ 30

ಅತ್ತಿಗೆಯವರಿಗೆ ನಮಸ್ಕಾರಗಳು.

ನಾನು ಬರೀತಿರೋದು ಇವರಿಗೆ ಗೊತ್ತಿಲ್ಲ. ನಿಮ್ಮ ಕಾಗದ ಬಂದ ದಿನ ಇವರು ಅದನ್ನು ನನ್ನ ಕೈಗೆ ಕೊಟ್ಟು ಓದು ಅಂದರು. ಓದಿ ಮುಗಿಸೋವರೆಗೂ ಎದುರಿಗೇ ನಿಂತಿದ್ದರು. ನಾನು ಏನಾದರೂ ಅಂತೀನಿ ಅಂತ ಕಾದರೇನೋ. ನಾನು ಏನೂ ಅನ್ನಲಿಲ್ಲ.

ಅನ್ನೋಕೆ ನನಗೆ ಕಷ್ಟ, ಅತ್ತಿಗೆ. ನಿಮಗೆ ಗೊತ್ತಲ್ಲ, ನಮ್ಮಪ್ಪನ ಪಾತ್ರೆ ಅಂಗಡಿ ಮುಳುಗಿದಾಗ ಮಾಲು ಕೊಳ್ಳೋಕೆ ಬಂದವರೇ ಇವರು. ನಮ್ಮ ಪರಿಚಯ ಆಗಿದ್ದೇ ಹಾಗೆ. ಮದುವೆಯ ದಿನ ಅಪ್ಪ ಇವರಿಗೆ, "ನನ್ನ ಪಾತ್ರೆಗೆ ಕೊಟ್ಟ ಬೆಲೆಗಿಂತ ನನ್ನ ಮಗಳಿಗೆ ಹೆಚ್ಚು ಬೆಲೆ ಕೊಡಿ" ಅಂದರು. ತಮಾಷೆಗೆ ಅಂದದ್ದು. ಯಾರೂ ನಗಲಿಲ್ಲ. ಇವರು ನನ್ನನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ, ಆ ಮಾತು ಬೇರೆ. ಆದರೆ ಅಪ್ಪ ನಮ್ಮ ಮನೆಗೆ ಬಂದರೆ ಗೋಡೌನ್ ಇರೋ ಬೀದಿಯಲ್ಲಿ ನಡೆಯಲ್ಲ, ಸುತ್ತಿ ಬರ್ತಾರೆ.

ನಿಮಗೆ ಒಂದು ವಿಷಯ ಗೊತ್ತಿರಬೇಕು ಅಂತ ಬರೀತಿದ್ದೀನಿ. ತೊಟ್ಟಿಲುಗಳು ಮಾರಿಲ್ಲ. ಯಾವ ನರ್ಸಿಂಗ್ ಹೋಮೂ ಇಲ್ಲ. ಗೋಡೌನಿನ ಹಿಂದಿನ ಗೋಡೆಗೆ ಒಂದರ ಮೇಲೊಂದು ಇಟ್ಟಿದ್ದಾರೆ, ನಾನು ನೋಡಿದೆ. ಇದೇನು ಅಂತ ಕೇಳಿದೆ. ಅದು ಅಕ್ಕನದು ಅಂದರು. ಅಕ್ಕನಿಗೆ ದುಡ್ಡು ಕೊಟ್ಟಿದ್ದೀರಲ್ಲ, ಅದು ಪ್ರೀತಿಗೆ ಕೊಟ್ಟಿದ್ದೋ ದಲ್ಲಾಳಿಗೆ ಕೊಟ್ಟಿದ್ದೋ ಅಂತ ಕೇಳಿಬಿಟ್ಟೆ. ಬಾಯಿ ತಪ್ಪಿ ಕೇಳಿದ್ದಲ್ಲ, ಬೇಕಂತಲೇ ಕೇಳಿದೆ. "ಕೊಡುವಾಗ ಪ್ರೀತಿಗೇ ಕೊಟ್ಟೆ. ಎರಡನೇ ಸಲ ಅವಳ ಮನೆಗೆ ಹೋದಾಗ, ಕೊಟ್ಟಿದ್ದು ಒಳ್ಳೇದಾಯ್ತು ಅನ್ನಿಸಿತು" ಅಂದರು.

ಈಗ ಇವರು ಹರಾಜಿಗೆ ಹೋಗ್ತಾರೆ, ಬರಿಗೈಯಲ್ಲಿ ಬರ್ತಾರೆ. ಮೊನ್ನೆ ಒಂದು ಔಷಧಿ ಅಂಗಡಿಯವನು ತಾನಾಗಿ ಕರೆದ. ಹೋದಾಗ ಅವನ ಹೆಂಡತಿ ಕಪಾಟು ಒರೆಸ್ತಾ ಇದ್ದಳಂತೆ, ಇವರು ಬೆಲೆ ಹೇಳೋಕಾಗದೆ ಎದ್ದು ಬಂದರು. ಅವನಿಗೂ ಅದರಿಂದ ಉಪಕಾರ ಆಗಲಿಲ್ಲ, ಬೇರೆ ಯಾರೋ ಇನ್ನೂ ಕಡಿಮೆಗೆ ಹೊಡೆದುಕೊಂಡು ಹೋದರು. ಹೀಗೆ ಎಷ್ಟು ದಿನ ನಡೆಯತ್ತೆ ಗೊತ್ತಿಲ್ಲ. ಮನೆ ನಡೀಬೇಕಲ್ಲ.

ನೀವು ಅವರನ್ನು ಕ್ಷಮಿಸಿ ಅಂತ ನಾನು ಕೇಳ್ತಿಲ್ಲ. ಒಂದು ಸಾಲು ಬೈದಾದರೂ ಬರೀರಿ. ಮನೆಯಲ್ಲಿ ಈ ಮೌನ ತಡೆಯೋಕಾಗಲ್ಲ.

ನಿಮ್ಮ ತಮ್ಮನ ಹೆಂಡತಿ


ನವೆಂಬರ್ 12

ಅಕ್ಕ,

ಬರೀಬೇಡ ಅಂದಿದ್ದೆ. ಇದೊಂದು ಬರೆದು ಸುಮ್ಮನಾಗ್ತೀನಿ.

ಕಂಟ್ರಾಕ್ಟರ್ ಇಲ್ಲಿಗೆ ಬಂದಿದ್ದ. ಆ ಕಾಜಾ ಮೆಷಿನ್ ನನಗೆ ವಾಪಸ್ ಕೊಡು ಅಂತ ಕೇಳಿದೆ. ಅವನು ನಕ್ಕ. "ಅಲ್ಲ ಸ್ವಾಮಿ, ನೀವೇ ತಾನೆ ಹೇಳಿದ್ದು, ಇಂಥ ಮೆಷಿನ್ ಈ ಸುತ್ತಿನಲ್ಲಿ ಇನ್ನೊಂದಿಲ್ಲ, ಪಾರ್ಟೆಲ್ಲ ಸಲೀಸಾಗಿ ಸಿಗತ್ತೆ ಅಂತ" ಅಂದ. ಹೇಳಿದ್ದು ನಿಜ. ಅವಳಿಗೆ ಪಾರ್ಟು ಸಿಗಲ್ಲ ಅಂದಿದ್ದೆ, ಇವನಿಗೆ ಸಿಗತ್ತೆ ಅಂದಿದ್ದೆ. ಎರಡು ಮಾತಿನ ನಡುವೆ ಒಂದು ವಾರವೂ ಇರಲಿಲ್ಲ.

ನಾನು ಮಾರಿದ್ದಕ್ಕಿಂತ ಹೆಚ್ಚು ಕೇಳಿದ. ಚೌಕಾಸಿ ಮಾಡೋಕೆ ನಾಲಿಗೆ ಏಳಲಿಲ್ಲ. ಕೊಟ್ಟೆ. ಮೆಷಿನ್ ಅಲ್ಲೇ ಇರತ್ತೆ, ಆದರೆ ಇನ್ನು ಅವಳದು. ಬಾಡಿಗೆ ಕತ್ತರಿಸಲ್ಲ. ಉಳಿದವರದ್ದು ಬಿಡಿಸೋ ಶಕ್ತಿ ನನಗಿಲ್ಲ ಅಕ್ಕ, ಆ ದುಡ್ಡು ಇನ್ನೊಂದು ಮಾಲಿನಲ್ಲಿ ಸಿಕ್ಕಿಕೊಂಡಿದೆ.

ನಾನು ಮಾಡಿದ್ದು ಅಂತ ಅವಳಿಗೆ ಹೇಳಬೇಡ.

ಪುಟ್ಟ


ಜನವರಿ 18

ಪುಟ್ಟನಿಗೆ,

ನಾನು ಹೇಳಬೇಕಾಗಿ ಬರಲಿಲ್ಲ. ಕೂಲಿ ಕೊಡೋ ದಿನ ಎಲ್ಲರ ಮುಂದೆ ತಾನಾಗೇ ಬಯಲಾಯಿತು.

ಕಾಜಾ ಲಕೋಟೆ ಬಿಚ್ಚಿ ನೋಡಿ ಮೇಸ್ತ್ರಿ ಹತ್ತಿರ ವಾಪಸ್ ಹೋದಳು. ಇದರಲ್ಲಿ ಬಾಡಿಗೆ ಕತ್ತರಿಸಿಲ್ಲ, ತಪ್ಪಾಗಿದೆ ಅಂದಳು. "ತಪ್ಪಲ್ಲಮ್ಮ, ಮೆಷಿನ್ ಈಗ ನಿಮ್ಮದೇ. ತೊಟ್ಟಿಲಮ್ಮನ ತಮ್ಮ ಬಿಡಿಸಿಕೊಟ್ಟಿದ್ದಾರೆ" ಅಂದ. ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಲಕೋಟೆ ನೋಡಿಕೊಂಡರು. ಆಮೇಲೆ ಅವಳನ್ನು ನೋಡಿದರು.

ಮರುದಿನದಿಂದ ಊಟದ ಹೊತ್ತಿಗೆ ಅವಳ ಹತ್ತಿರ ಯಾರೂ ಕೂರಲಿಲ್ಲ. ಬೈಯಲಿಲ್ಲ, ಜಗಳ ಆಡಲಿಲ್ಲ. ಡಬ್ಬಿ ತೊಗೊಂಡು ಆ ಕಡೆ ಸರಿದರು, ಅಷ್ಟೆ. ಕಾಲರ್ ಹೊಲಿಯೋ ಅಕ್ಕತಂಗಿಯರು ಅವಳ ಗಂಡನನ್ನು ಹಗಲು ಹೊತ್ತು ನೋಡಿಕೊಳ್ಳೋಕೆ ತಮ್ಮ ಅಮ್ಮನನ್ನು ಕಳಿಸ್ತಿದ್ದರು, ಅದು ನಿಂತಿತು. ನಾನು ಒಂದು ಮೂಲೆಯಲ್ಲಿ ಮೊದಲಿಂದಲೂ ಒಬ್ಬಳೇ ಉಣ್ತಿದ್ದೆ. ಅವಳು ಇನ್ನೊಂದು ಮೂಲೆಗೆ ಬಂದಳು. ನನ್ನ ಹತ್ತಿರಕ್ಕೂ ಬರಲಿಲ್ಲ.

ನಾನೇ ಒಂದು ಸಂಜೆ ಅವಳ ಬಾಗಿಲಿಗೆ ಹೋದೆ. ಗಂಡನಿಗೆ ಗಂಜಿ ಕುಡಿಸ್ತಿದ್ದಳು. ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

"ಅವನಿಗೆ ಮನಸ್ಸಿಗೆ ಹತ್ತಿದೆ ಕಣೇ. ಅದಕ್ಕೇ ಮಾಡಿದ್ದು" ಅಂದೆ.

"ಮನಸ್ಸಿಗೆ ಹತ್ತಿದ್ದು ನಾನೊಬ್ಬಳೇನಾ?" ಅಂದಳು.

"ಉಳಿದವರದ್ದು ಬಿಡಿಸೋಕೆ ಅವನ ಕೈಲಿ ಆಗಲ್ಲ."

"ಗೊತ್ತು. ಅವರಿಗೆ ಸುಳ್ಳು ಹೇಳಿರಲಿಲ್ಲ, ನನಗೆ ಹೇಳಿದ್ದರು. ಅದಕ್ಕೆ ನನ್ನದು ವಾಪಸ್ ಬಂತು" ಅಂತ ಗಂಡನ ಬಾಯಿ ಒರೆಸಿದಳು. "ಸುಳ್ಳು ಹೇಳಿಸಿಕೊಂಡಿದ್ದಕ್ಕೆ ನನಗೆ ಲಾಭ ಆಯಿತು ನೋಡಿ, ತೊಟ್ಟಿಲಮ್ಮ."

ನನ್ನನ್ನು ಅವಳು ಹೆಸರು ಹಿಡಿದು ಕರೆದದ್ದು ಜುಲೈ ಆದ ಮೇಲೆ ಅದೇ ಮೊದಲು.

ನೀನು ಒಳ್ಳೇದು ಮಾಡೋಕೆ ಹೋದೆ, ಅದು ನನಗೆ ಗೊತ್ತು. ಅವಳಿಗೂ ಗೊತ್ತು. ಆದರೆ ನೀನು ಅದನ್ನೂ ವ್ಯಾಪಾರದ ಹಾಗೇ ಮಾಡಿದೆ. ಅವಳನ್ನು ಒಂದು ಮಾತು ಕೇಳಲಿಲ್ಲ. ಅವಳ ಬೆನ್ನ ಹಿಂದೆ ಮಾರಿದೆ, ಅವಳ ಬೆನ್ನ ಹಿಂದೆ ಕೊಂಡೆ.

ಕೊನೆಗೆ ಅವಳು ಏನು ಮಾಡಿದಳು ಕೇಳು. ಹೋದ ವಾರ ಕೂಲಿ ಕೊಡುವಾಗ ಎಲ್ಲರ ಮುಂದೆ ಮೇಸ್ತ್ರಿಗೆ, ನನ್ನದೂ ಕತ್ತರಿಸಿ ಅಂದಳು. ಅವನಿಗೆ ಅರ್ಥವಾಗಲಿಲ್ಲ. "ಎಲ್ಲರ ಹಾಗೆ ನನ್ನದೂ ಬಾಡಿಗೆ ಕತ್ತರಿಸಿ. ಮೆಷಿನ್ ನಿಮ್ಮದು ಅಂತಲೇ ಬರೆದುಕೊಳ್ಳಿ" ಅಂದಳು. ಅವನು ಒಳಗೆ ಹೋಗಿ ಕಂಟ್ರಾಕ್ಟರನನ್ನು ಕೇಳಿಕೊಂಡು ಬಂದ. ಬಿಡ್ತಾರಾ, ಎರಡು ಸಲ ದುಡ್ಡು ಬರೋ ಮಾಲು. ಕತ್ತರಿಸಿದ.

ನನಗೆ, ಬೇಡ ಕಣೇ, ಗಂಡನ ಔಷಧಿಗಾದರೂ ಆಗತ್ತೆ ಅಂತ ಕೂಗಿ ಹೇಳಬೇಕು ಅನ್ನಿಸಿತು. ಆದರೆ ಅವಳಿಗೆ ಬುದ್ಧಿ ಹೇಳೋ ಬಾಯಿ ನನಗೆ ಉಳಿದಿಲ್ಲ. ಒಂದು ಸಲ ಹೇಳಿ ಆಗಿದೆ.

ಈಗ ಕಾಲರ್ ಅಕ್ಕತಂಗಿಯರ ಅಮ್ಮ ಮತ್ತೆ ಆ ಮನೆಗೆ ಬರ್ತಾಳೆ. ಊಟದ ಹೊತ್ತಿಗೆ ಅವರೆಲ್ಲ ಒತ್ತಿಕೊಂಡು ಕೂತು ಕಾಜಾಗೆ ಜಾಗ ಮಾಡಿಕೊಟ್ಟಿದ್ದಾರೆ. ಮಾತಾಡ್ತಾರೆ, ಒಮ್ಮೊಮ್ಮೆ ನಗು ಕೇಳಿಸತ್ತೆ.

ನಿನಗೆ ಇದೆಲ್ಲ ಬರೀದೆ ಇರಬಹುದಿತ್ತು. ನಿನ್ನ ಹೆಂಡತಿ ಒಂದು ಸಾಲಾದರೂ ಬರೀರಿ ಅಂದಿದ್ದಳು, ಅವಳ ಮುಖ ನೋಡಿ ಬರೆದೆ. ಮತ್ತೆ ಹರಾಜಿಗೆ ಹೋಗು. ಆ ಕೆಲಸ ಬಿಡು ಅಂತ ನಾನು ಹೇಳಲ್ಲ, ನಿನಗೆ ಬೇರೆ ಕೆಲಸ ಬರಲ್ಲ. ಎದುರಿಗೆ ಕೂತವರಿಗೆ ಏನು ಗೊತ್ತಿಲ್ಲವೋ ಅದನ್ನು ಮೊದಲು ಹೇಳು, ಆಮೇಲೆ ಕೊಳ್ಳು. ಆಗ ಲಾಭ ಕಡಿಮೆಯಾಗತ್ತೆ. ಆಗಲಿ.

ಮಗಳು ಚೆನ್ನಾಗಿದ್ದಾಳೆ. ಎರಡನೇ ವರ್ಷದ ಫೀಸು ದಾರ ಕತ್ತರಿಸಿದ ದುಡ್ಡಿನಲ್ಲೇ ಕಟ್ತೀನಿ ಅಂತ ಅವಳಿಗೆ ಹೇಳಿದ್ದೀನಿ. ಅಷ್ಟು ದುಡ್ಡು ಸಾಕಾಗಲ್ಲ ಅಂತ ಅವಳಿಗೂ ಗೊತ್ತು.

ನಾನು ಮೂಲೆಯಲ್ಲೇ ಕೂರ್ತೀನಿ. ನನಗೆ ಅವರು ಇನ್ನೂ ಜಾಗ ಮಾಡಿಲ್ಲ. ನಾನೂ ಕೇಳಿಲ್ಲ.

ನಿನ್ನ ಅಕ್ಕ